ವ್ಯಾಕ್ಸಿನ್ ಎಂಬ ಪದದೊಳಗಿನ ಹಸು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೊನಾ ಕಾಲದಲ್ಲಿ ವ್ಯಾಕ್ಸಿನ್ ಎಂಬ ಮಾತು ಮನೆಮನೆಗೂ ಬಂತು. ಮೊದಲ ಡೋಸ್ ಆಯ್ತಾ, ಎರಡನೇದು ಯಾವಾಗ ಅಂತ ಕೇಳದವರೇ ಇರಲಿಲ್ಲ. 2021ರಲ್ಲಿ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದ ಎಂದು ಆರಿಸಿದ್ದೂ ಇದನ್ನೇ. ಪದಗಳ ಹುಟ್ಟು ಹುಡುಕುವುದು ನನಗೆ ಬಹಳ ಪ್ರೀತಿಯ ಕೆಲಸ. ಹಾಗಾಗಿ ಗೆಳೆಯರು, ನೆಂಟರು, ಮಕ್ಕಳು ಈ ಪದದ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಸೇರಿಸಿದ್ದೇನೆ.

ವ್ಯಾಕ್ಸಿನ್ ಪದಕ್ಕೂ ಹಸುವಿಗೂ ಸಂಬಂಧ ಇದೆ ಅಂತಾರೆ. ನಿಜವಾ?

ನಿಜ. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ‘ವಕ್ಕ’ ಎನ್ನುತ್ತಾರೆ. ಅದರಿಂದ ಬಂದ ಗುಣವಾಚಕ ‘ವಕ್ಕೀನುಸ್’. ಹಸುವಿನ, ಹಸುವಿಗೆ ಸೇರಿದ ಎಂದು ಅರ್ಥ. ಇಂಗ್ಲಿಷಿನ ವ್ಯಾಕ್ಸಿನ್ ಇಲ್ಲಿಂದಲೇ ಬಂದದ್ದು. ಅಂದರೆ ಅಕ್ಷರಕ್ಕೆ ಅಕ್ಷರ ನೋಡಿದರೆ ವ್ಯಾಕ್ಸಿನ್ ಎಂದರೆ ‘ಹಸುವಿನದು’ ಅಂತಷ್ಟೇ. ಮದ್ದು, ಸೂಜಿ, ರೋಗ ಯಾವುದೂ ಆ ಪದದಲ್ಲಿ ಇಲ್ಲ.

ಹಾಗಾದರೆ ರೋಮನ್ನರ ಕಾಲದಲ್ಲೇ ಲಸಿಕೆ ಇತ್ತಾ?

ಇಲ್ಲ. ಬೇರು ಹಳೆಯದು, ಆದರೆ ಅದನ್ನು ಔಷಧಕ್ಕೆ ಬಳಸಿದ್ದು 18ನೇ ಶತಮಾನದ ಕೊನೆಯಲ್ಲಿ.

ಹಸುವಿನ ಹೆಸರು ಔಷಧಕ್ಕೆ ಹೇಗೆ ಅಂಟಿಕೊಂಡಿತು?

ಇದಕ್ಕೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ಗೆ ಹೋಗಬೇಕು. ಅಲ್ಲಿನ ಬರ್ಕ್ಲಿ ಎಂಬ ಊರಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರಿದ್ದರು. ಅದು ಸಿಡುಬಿನ ಕಾಲ. ಸಿಡುಬು ಬಂದವರಲ್ಲಿ ಹತ್ತಿರ ಹತ್ತಿರ 10ಕ್ಕೆ 3 ಜನ ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಕಲೆ ಉಳಿಯುತ್ತಿತ್ತು. ಎಷ್ಟೋ ಜನರ ಕಣ್ಣೇ ಹೋಗುತ್ತಿತ್ತು.

ಹೈನು ಸಾಕುವ ಆ ಸೀಮೆಯ ಜನಕ್ಕೆ ಒಂದು ವಿಷಯ ಗೊತ್ತಿತ್ತು. ಹಸುಗಳಿಗೆ ಕೆಚ್ಚಲಿನ ಮೇಲೆ ಗುಳ್ಳೆ ಏಳುವ ಒಂದು ಕಾಯಿಲೆ ಬರುತ್ತಿತ್ತು. ಹಾಲು ಕರೆಯುವ ಹೆಣ್ಣುಮಕ್ಕಳ ಕೈಗೂ ಅದು ಅಂಟುತ್ತಿತ್ತು. ನಾಲ್ಕು ದಿನ ಜ್ವರ, ಕೈಮೇಲೆ ಗುಳ್ಳೆ, ಆಮೇಲೆ ವಾಸಿ. ಹೀಗೆ ದನದ ಸಿಡುಬು ಬಂದುಹೋದವರ ಹತ್ತಿರ ನಿಜವಾದ ಸಿಡುಬು ಸುಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಜೆನ್ನರ್‌ಗಿಂತ ಮೊದಲೇ, 1774ರಲ್ಲಿ, ಡಾರ್ಸೆಟ್ ಕಡೆಯ ಬೆಂಜಮಿನ್ ಜೆಸ್ಟಿ ಎಂಬ ರೈತ ಇದನ್ನು ನಂಬಿ, ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ದನದ ಸಿಡುಬಿನ ಕೀವನ್ನು ತಾಗಿಸಿದ್ದ.

ಜೆನ್ನರ್ ಮಾಡಿದ್ದು ಆ ನಂಬಿಕೆಯ ಪರೀಕ್ಷೆ. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಯ ಗುಳ್ಳೆಯಿಂದ ಸ್ವಲ್ಪ ದ್ರವ ತೆಗೆದರು. ಅದನ್ನು ತಮ್ಮ ತೋಟದ ಮಾಲಿಯ ಮಗ, 8 ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಗೀರಿ ಹಚ್ಚಿದರು. ಹುಡುಗನಿಗೆ ಸ್ವಲ್ಪ ಜ್ವರ ಬಂದು ಹೋಯಿತು. ಜುಲೈ 1ರಂದು ಅವನಿಗೆ ನಿಜವಾದ ಸಿಡುಬಿನ ಕೀವನ್ನೇ ಹಾಕಿ ನೋಡಿದರು. ಏನೂ ಆಗಲಿಲ್ಲ. ಇವತ್ತು ಯಾರೂ ಒಂದು ಮಗುವಿನ ಮೇಲೆ ಹಾಗೆ ಮಾಡುವಂತಿಲ್ಲ, ಮಾಡಲೂ ಬಾರದು. ಆ ಹುಡುಗನ ಧೈರ್ಯವೋ ಅಸಹಾಯಕತೆಯೋ, ಅದನ್ನು ನೆನೆದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ.

ಸಾರಾಗೆ ಕಾಯಿಲೆ ಅಂಟಿಸಿದ ಹಸುವಿಗೂ ಹೆಸರಿತ್ತು: ಬ್ಲಾಸಮ್. ಅಂದರೆ ಹೂವು. ಅದರ ಚರ್ಮ ಇವತ್ತಿಗೂ ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿದೆ.

ಆ ಲ್ಯಾಟಿನ್ ಹೆಸರು ಇಟ್ಟಿದ್ದು ಯಾರು?

ಜೆನ್ನರ್ ಅವರೇ. 1798ರಲ್ಲಿ ಅವರು ತಮ್ಮ ಪರೀಕ್ಷೆಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅದರ ಹೆಸರಿನಲ್ಲಿಯೇ ‘ವೇರಿಯೋಲೇ ವ್ಯಾಕ್ಸಿನೇ’ ಎಂಬ ಎರಡು ಲ್ಯಾಟಿನ್ ಪದಗಳಿವೆ. ವೇರಿಯೋಲ ಎಂದರೆ ಸಿಡುಬು. ಚುಕ್ಕೆ ಚುಕ್ಕೆಯಾದ, ಬಣ್ಣ ಬಣ್ಣದ ಎಂಬ ಅರ್ಥದ ‘ವಾರಿಯುಸ್’ ಪದದಿಂದ ಅದು ಬಂದದ್ದು ಎನ್ನುತ್ತಾರೆ. ವ್ಯಾಕ್ಸಿನೇ ಎಂದರೆ ಹಸುವಿನ. ಎರಡೂ ಸೇರಿ ‘ಹಸುವಿನ ಸಿಡುಬು’.

ಹಳ್ಳಿಯವರು ಅದನ್ನು ಇಂಗ್ಲಿಷಿನಲ್ಲಿ ಕೌ ಪಾಕ್ಸ್ ಎನ್ನುತ್ತಿದ್ದರು. ಅರ್ಥ ಅದೇ. ಜೆನ್ನರ್ ಅದನ್ನು ಲ್ಯಾಟಿನ್ನಿಗೆ ತಿರುಗಿಸಿದರು, ಅಷ್ಟೆ.

ಇಂಗ್ಲಿಷಿನಲ್ಲೇ ಪದ ಇರುವಾಗ ಲ್ಯಾಟಿನ್ ಏಕೆ ಬೇಕಿತ್ತು?

ಆಗ ಯುರೋಪಿನ ವೈದ್ಯರು ಯಾವ ದೇಶದವರಾದರೂ ರೋಗಗಳ ಹೆಸರನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ನಮ್ಮಲ್ಲಿ ಪಂಡಿತರು ಔಷಧಗಳಿಗೆ ಸಂಸ್ಕೃತದ ಹೆಸರು ಹೇಳುವ ಹಾಗೆ. ಕೊಟ್ಟಿಗೆಯ ಮಾತು ಪುಸ್ತಕಕ್ಕೆ ಹೋಗಬೇಕಾದರೆ ಲ್ಯಾಟಿನ್ ತೊಡಿಸಬೇಕಿತ್ತು. ಅದರಿಂದ ಒಂದು ಅನುಕೂಲವೂ ಆಯಿತು. ವಿಯೆನ್ನಾದಲ್ಲಿ, ಪ್ಯಾರಿಸ್ಸಿನಲ್ಲಿ, ಮ್ಯಾಡ್ರಿಡ್ಡಿನಲ್ಲಿ ಓದಿದ ವೈದ್ಯರಿಗೆಲ್ಲ ಅದು ತಕ್ಷಣ ಅರ್ಥವಾಯಿತು. ಸ್ಪ್ಯಾನಿಷಿನಲ್ಲಿ ಇವತ್ತಿಗೂ ಹಸುವಿಗೆ ‘ವಾಕಾ’, ಲಸಿಕೆಗೆ ‘ವಾಕುನಾ’. ಆ ಭಾಷೆಯ ಮಕ್ಕಳಿಗೆ ಈ ಸಂಬಂಧವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ವ್ಯಾಕ್ಸಿನೇಷನ್ ಎಂಬ ಪದ?

ಅದು ಜೆನ್ನರ್ ಅವರದಲ್ಲ. ಅವರ ಗೆಳೆಯ, ಪ್ಲಿಮತ್ ಊರಿನ ಶಸ್ತ್ರವೈದ್ಯ ರಿಚರ್ಡ್ ಡನ್ನಿಂಗ್ 1800ರಲ್ಲಿ ಬಳಕೆಗೆ ತಂದದ್ದು. ವ್ಯಾಕ್ಸಿನ್ ಎಂಬುದು ಮೊದಮೊದಲು ಗುಣವಾಚಕವಾಗಿಯೇ ಇತ್ತು. ‘ವ್ಯಾಕ್ಸಿನ್ ದ್ರವ’, ‘ವ್ಯಾಕ್ಸಿನ್ ರೋಗ’ ಎಂದು ಬರೆಯುತ್ತಿದ್ದರು. ಹಸುವಿನ ದ್ರವ, ಹಸುವಿನ ರೋಗ ಅಂತ. ಬರುಬರುತ್ತಾ ಮುಂದಿನ ಪದ ಉದುರಿ, ವ್ಯಾಕ್ಸಿನ್ ಒಂದೇ ನಿಂತಿತು. ‘ಎಮ್ಮೆಯದು ಕೊಡಿ, ಹಸುವಿನದು ಬೇಡ’ ಎಂದರೆ ಹಾಲಿನ ಮಾತು ಎಂದು ನಮಗೆ ಗೊತ್ತಾಗುತ್ತದೆ ಅಲ್ವಾ? ಹಾಗೆಯೇ.

ಸಂಸ್ಕೃತದ ‘ಗೋ’ ಪದಕ್ಕೂ ‘ವಕ್ಕ’ ಪದಕ್ಕೂ ನಂಟಿದೆಯಾ?

ಇಲ್ಲ. ಆದರೆ ಇಂಗ್ಲಿಷಿನ ‘ಕೌ’ ಮತ್ತು ಸಂಸ್ಕೃತದ ‘ಗೋ’ ಒಂದೇ ಬೇರಿನವು. ಲ್ಯಾಟಿನ್ನಿನಲ್ಲಿ ದನಕ್ಕಿರುವ ಇನ್ನೊಂದು ಪದ ‘ಬೋಸ್’ ಕೂಡ ಅದೇ ಮನೆಯದು. ಅಂದರೆ ಜೆನ್ನರ್ ಇಂಗ್ಲಿಷಿನ ‘ಕೌ’ ಎಂದೇ ಉಳಿಸಿಕೊಂಡಿದ್ದರೆ ಅದು ನಮ್ಮ ‘ಗೋವು’ ಎಂಬ ಮಾತಿಗೆ ದೂರದ ನೆಂಟನಾಗಿರುತ್ತಿತ್ತು. ‘ವಕ್ಕ’ ಆ ಕುಟುಂಬದ್ದಲ್ಲ. ವೇದಗಳಲ್ಲಿ ಬರುವ ‘ವಶಾ’ ಎಂಬ ಪದಕ್ಕೂ ಹಸು ಎಂಬ ಅರ್ಥವಿದೆ, ಅದಕ್ಕೂ ‘ವಕ್ಕ’ಕ್ಕೂ ನಂಟು ಇರಬಹುದು ಎಂದು ಕೆಲವು ಭಾಷಾತಜ್ಞರು ಹೇಳುತ್ತಾರೆ. ಕನ್ನಡದ ಹಸು, ಆಕಳು, ಆವು ಇವಕ್ಕೂ ‘ವಕ್ಕ’ಕ್ಕೂ ಸಂಬಂಧವಿಲ್ಲ.

ವಕ್ಕ ಎಂಬುದು ವ್ಯಾಕ್ಸ್ ಆದದ್ದು ಹೇಗೆ?

ಹಳೆಯ ಲ್ಯಾಟಿನ್ನಿನಲ್ಲಿ ‘ಸಿ’ ಎಂಬ ಅಕ್ಷರಕ್ಕೆ ಯಾವಾಗಲೂ ‘ಕ’ ಉಚ್ಚಾರಣೆ. ಮುಂದೆ ಇ, ಎ ಸ್ವರಗಳ ಮುಂದೆ ಬಂದಾಗ ಅದು ಮೆತ್ತಗಾಯಿತು. ಇಟಲಿಯವರ ಬಾಯಲ್ಲಿ ‘ಚ’ ಆಯಿತು, ಫ್ರೆಂಚರ ಬಾಯಲ್ಲಿ ‘ಸ’ ಆಯಿತು. ಇಂಗ್ಲಿಷ್ ಫ್ರೆಂಚರ ದಾರಿ ಹಿಡಿಯಿತು. ಎರಡು ‘ಸಿ’ ಒಟ್ಟಿಗೆ ಬಂದಾಗ ಮೊದಲನೆಯದು ‘ಕ್’, ಎರಡನೆಯದು ‘ಸ್’. ಆಕ್ಸಿಡೆಂಟ್, ಸಕ್ಸಸ್ ಪದಗಳಲ್ಲೂ ಇದೇ ಆಗಿದೆ.

ಹುಚ್ಚುನಾಯಿ ಕಡಿತದ ವ್ಯಾಕ್ಸಿನ್, ಪೋಲಿಯೊ ವ್ಯಾಕ್ಸಿನ್ ಅಂತೀವಲ್ಲ. ಅವುಗಳಲ್ಲಿ ಹಸು ಎಲ್ಲಿದೆ?

ಎಲ್ಲೂ ಇಲ್ಲ. ಸುಮಾರು 80 ವರ್ಷ ಈ ಪದಕ್ಕೆ ಒಂದೇ ಅರ್ಥ ಇತ್ತು: ಸಿಡುಬಿನ ವಿರುದ್ಧ ಹಾಕುವ ಹಸುವಿನ ದ್ರವ. ಆಮೇಲೆ ಫ್ರಾನ್ಸಿನ ಲೂಯಿ ಪಾಶ್ಚರ್ ಬಂದರು. ಕೋಳಿಗಳ ಕಾಲರಾ, ದನಕುರಿಗಳ ಆಂಥ್ರಾಕ್ಸ್ ರೋಗಗಳಿಗೆ ಅವರು ತಡೆಮದ್ದು ಕಂಡುಹಿಡಿದರು. ರೋಗಾಣುವಿನ ಬಲ ಕುಂದಿಸಿ, ಅದನ್ನೇ ಮೈಗೆ ಹಾಕುವ ದಾರಿ ಅದು. ಅದಕ್ಕೆ ಹೊಸ ಹೆಸರು ಬೇಕಿತ್ತು.

1881ರಲ್ಲಿ ಲಂಡನ್ನಿನಲ್ಲಿ ವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಪಾಶ್ಚರ್, ವ್ಯಾಕ್ಸಿನೇಷನ್ ಎಂಬ ಪದದ ಅರ್ಥವನ್ನು ತಾನು ಹಿಗ್ಗಿಸಿದ್ದೇನೆ, ಜೆನ್ನರ್ ಅವರಿಗೆ ಸಲ್ಲಿಸುವ ಗೌರವ ಅದು ಎಂದು ಹೇಳಿದರು. ಅಂದಿನಿಂದ ರೋಗ ತಡೆಯಲು ಮೈಯನ್ನು ಮೊದಲೇ ತಯಾರು ಮಾಡುವ ಎಲ್ಲ ಮದ್ದಿಗೂ ಅದೇ ಹೆಸರು. 4 ವರ್ಷದ ನಂತರ, 1885ರ ಜುಲೈನಲ್ಲಿ, ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಅವರು ಕೊಟ್ಟದ್ದನ್ನೂ ವ್ಯಾಕ್ಸಿನ್ ಎಂದೇ ಕರೆದರು. ಪಾಶ್ಚರ್ ತಮ್ಮದೇ ಹೆಸರನ್ನು ಅದಕ್ಕೆ ಇಡಬಹುದಿತ್ತು. ಇಡಲಿಲ್ಲ. ಈ ಪದದ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದು.

ಇನಾಕ್ಯುಲೇಷನ್ ಅಂದರೂ ಇದೇನಾ?

ಈಗ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಆದರೆ ಇನಾಕ್ಯುಲೇಷನ್ ಹಳೆಯ ಪದ, ಅದರ ಹುಟ್ಟೂ ಬೇರೆ. ಇದನ್ನು ನಮ್ಮ ತೋಟದ ಕೆಲಸದವರಿಗೆ ಹೇಳಿದರೆ ಕೂಡಲೇ ಅರ್ಥವಾಗುತ್ತದೆ. ಲ್ಯಾಟಿನ್ನಿನಲ್ಲಿ ‘ಓಕುಲುಸ್’ ಎಂದರೆ ಕಣ್ಣು. ಗಿಡದ ಮೊಗ್ಗಿಗೂ ಅವರು ಅದೇ ಪದ ಬಳಸುತ್ತಿದ್ದರು. ಒಂದು ಗಿಡದ ಕಣ್ಣನ್ನು ಕಿತ್ತು ಇನ್ನೊಂದು ಗಿಡದ ತೊಗಟೆ ಸೀಳಿ ಒಳಗೆ ಕೂರಿಸುವುದೇ ಇನಾಕ್ಯುಲೇಷನ್. ನಾವು ಅದನ್ನು ‘ಕಣ್ಣು ಕಸಿ’ ಎನ್ನುತ್ತೇವೆ! ಕಬ್ಬಿಗೂ ಕಣ್ಣು, ಆಲೂಗಡ್ಡೆಗೂ ಕಣ್ಣು ಎನ್ನುವ ನಮಗೂ ರೋಮಿನ ತೋಟಗಾರನಿಗೂ ಒಂದೇ ಹೋಲಿಕೆ ಹೊಳೆದಿದೆ.

ಚರ್ಮ ಗೀರಿ ರೋಗದ ಕೀವನ್ನು ಒಳಗೆ ಇಡುವುದೂ ಅದೇ ಥರ ಕಂಡಿದ್ದರಿಂದ ವೈದ್ಯರು ಆ ಪದ ಎತ್ತಿಕೊಂಡರು. ಜೆನ್ನರ್‌ಗಿಂತ ಮೊದಲು ಸಿಡುಬಿನ ಕೀವನ್ನೇ ಹೀಗೆ ಹಾಕುತ್ತಿದ್ದರು. ಭಾರತದಲ್ಲಿ, ಅದರಲ್ಲೂ ಬಂಗಾಳದ ಕಡೆ, ಟೀಕಾದಾರರು ಎಂಬವರು ಈ ಕೆಲಸ ಮಾಡುತ್ತಿದ್ದರು. ತುರ್ಕಿಯಲ್ಲೂ ಈ ರೂಢಿ ಇತ್ತು. ಅಲ್ಲಿ ಅದನ್ನು ಕಣ್ಣಾರೆ ಕಂಡು ಬಂದಿದ್ದ ಇಂಗ್ಲೆಂಡಿನ ಲೇಡಿ ಮೇರಿ ವರ್ಟ್ಲಿ ಮಾಂಟಗು 1721ರಲ್ಲಿ ಲಂಡನ್ನಿನಲ್ಲಿ ತಮ್ಮ ಮಗಳಿಗೇ ಹಾಕಿಸಿದರು. ಅದರಲ್ಲಿ ಅಪಾಯ ಇತ್ತು. ಕೆಲವರಿಗೆ ದೊಡ್ಡ ಸಿಡುಬೇ ಬಂದುಬಿಡುತ್ತಿತ್ತು. ಅವರಿಂದ ಬೇರೆಯವರಿಗೂ ಹರಡುತ್ತಿತ್ತು. ಹಸುವಿನ ಸಿಡುಬಿನಿಂದ ಆ ಭಯ ತಪ್ಪಿತು.

ವೈರಸ್, ಇಮ್ಯುನಿಟಿ ಪದಗಳೂ ಲ್ಯಾಟಿನ್ನಾ?

ಹೌದು. ಲ್ಯಾಟಿನ್ನಿನಲ್ಲಿ ವೈರಸ್ ಎಂದರೆ ವಿಷ. ಸಂಸ್ಕೃತದ ‘ವಿಷ’ವೂ ಈ ಪದವೂ ಒಂದೇ ಮೂಲದಿಂದ ಒಡೆದವು. ಜೆನ್ನರ್ ತಮ್ಮ ಬರಹದಲ್ಲಿ ವೈರಸ್ ಎಂದದ್ದೂ ಗುಳ್ಳೆಯಲ್ಲಿರುವ ವಿಷದ ದ್ರವ ಎಂಬ ಅರ್ಥದಲ್ಲೇ. ನಾವು ಈಗ ಹೇಳುವ ವೈರಸ್ ಆಗ ಯಾರಿಗೂ ಗೊತ್ತಿರಲಿಲ್ಲ. ಇಮ್ಯುನಿಟಿ ಬಂದದ್ದು ರೋಮಿನ ಕಂದಾಯದ ಕಡೆಯಿಂದ. ತೆರಿಗೆ, ಊರಿನ ಕೆಲಸ ಇವುಗಳಿಂದ ವಿನಾಯಿತಿ ಪಡೆದವನು ‘ಇಮ್ಮೂನಿಸ್’.

ಸಿಡುಬಿನ ಲಸಿಕೆ ಹಸುವಿನದಲ್ಲ, ಕುದುರೆಯದು ಅಂತ ಎಲ್ಲೋ ಓದಿದೆ. ಸರಿನಾ?

ಪೂರ್ತಿ ತಪ್ಪಲ್ಲ. 1939ರಲ್ಲಿ ಅಲನ್ ಡೌನಿ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ, ಸಿಡುಬಿನ ಲಸಿಕೆಯಲ್ಲಿರುವ ವೈರಸ್ ಬೇರೆ, ಹಸುಗಳಲ್ಲಿ ಸಹಜವಾಗಿ ಬರುವ ದನದ ಸಿಡುಬಿನ ವೈರಸ್ ಬೇರೆ ಎಂದು ತೋರಿಸಿದರು. ಲಸಿಕೆಯ ವೈರಸ್ಸಿಗೆ ‘ವ್ಯಾಕ್ಸಿನಿಯ’ ಎಂದು ಹೆಸರು. 2017ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಅಮೆರಿಕದಲ್ಲಿ 1902ರಲ್ಲಿ ತಯಾರಾಗಿದ್ದ ಒಂದು ಹಳೆಯ ಲಸಿಕೆಯ ಜೀನ್‌ಗಳನ್ನು ಓದಿ ನೋಡಿದಾಗ, ಅದರ ಮುಖ್ಯ ಭಾಗ ಕುದುರೆ ಸಿಡುಬಿನ ವೈರಸ್ಸಿಗೆ ಬಹಳ ಹತ್ತಿರ ಇತ್ತು.

ಜೆನ್ನರ್ ಅವರಿಗೇ ಈ ಅನುಮಾನ ಇತ್ತು. ಕುದುರೆಯ ಕಾಲಿನ ಹುಣ್ಣಿಗೆ ಮದ್ದು ಹಚ್ಚಿದ ಆಳು ಕೈತೊಳೆಯದೆ ಹಸುವಿನ ಹಾಲು ಕರೆದಾಗ ರೋಗ ದಾಟುತ್ತದೆ ಎಂದು ಅವರು ಬರೆದಿದ್ದರು. ಮುಂದೆ ಅವರು ಕುದುರೆಯಿಂದ ತೆಗೆದ ದ್ರವವನ್ನೂ ಬಳಸಿದರು. ಕುದುರೆಗೆ ಲ್ಯಾಟಿನ್ನಿನಲ್ಲಿ ‘ಎಕ್ವುಸ್’. ಅದರಿಂದ ‘ಈಕ್ವಿನೇಷನ್’ ಎಂಬ ಪದವೂ ಹುಟ್ಟಿತ್ತು. ಬಾಳಲಿಲ್ಲ.

ದನದ ಸಿಡುಬು ನಮ್ಮಲ್ಲೂ ಇದೆಯಾ?

ಅದರ ಹತ್ತಿರದ ನೆಂಟ ಎಮ್ಮೆ ಸಿಡುಬು ಇದೆ. ಅದರ ವೈರಸ್ ವ್ಯಾಕ್ಸಿನಿಯಕ್ಕೆ ಬಹಳ ಹತ್ತಿರದ್ದು. ಎಮ್ಮೆಯ ಕೆಚ್ಚಲಿನ ಮೇಲೆ ಗುಳ್ಳೆ ಏಳುತ್ತದೆ, ಹಾಲು ಕರೆಯುವವರ ಕೈಗೂ ಬರುತ್ತದೆ. ಸಾರಾ ನೆಲ್ಮ್ಸ್ ಕೈಮೇಲೆ ಎದ್ದದ್ದು ಇಂಥದ್ದೇ ಗುಳ್ಳೆ.

ಹಸುವಿನ ದ್ರವ ಎಂದರೆ ಆಗಿನ ಜನ ಹೆದರಲಿಲ್ಲವಾ?

ಹೆದರಿದರು. ಇಂಗ್ಲೆಂಡಿನಲ್ಲೇ ಹೆದರಿದರು. 1802ರಲ್ಲಿ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಬರೆದ ಒಂದು ಚಿತ್ರದಲ್ಲಿ, ಲಸಿಕೆ ಹಾಕಿಸಿಕೊಂಡವರ ಮೂಗು, ತೋಳು, ಕಿವಿಗಳಿಂದ ಪುಟ್ಟ ಪುಟ್ಟ ಹಸುಗಳು ಹೊರಬರುತ್ತಿವೆ.

ನಮ್ಮ ದೇಶದಲ್ಲಿ ಸಂಕೋಚ ಬೇರೆ ಥರದ್ದು. ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಐಸ್ ಪೆಟ್ಟಿಗೆ ಇಲ್ಲದ ಕಾಲ, ಮನುಷ್ಯರ ತೋಳುಗಳೇ ಲಸಿಕೆಯ ಗಾಡಿ. ವಿಯೆನ್ನಾ ಕಡೆಯಿಂದ ಬಾಗ್ದಾದ್, ಬಸ್ರಾ ದಾಟಿ ಅದು ಮುಂಬೈಗೆ ಬಂತು. 1802ರ ಜೂನ್ 14ರಂದು ಅಲ್ಲಿ 3 ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಹಾಕಿದರು. ಭಾರತದಲ್ಲಿ ಲಸಿಕೆ ಹತ್ತಿದ ಮೊದಲ ಮಗು ಅದು. ಅದರ ತೋಳಿನಿಂದ ಇನ್ನೂ 5 ಮಕ್ಕಳಿಗೆ, ಅವರಿಂದ ಮುಂದಕ್ಕೆ. ಜಾತಿ, ಮಡಿ ಇಷ್ಟು ಗಟ್ಟಿಯಾಗಿದ್ದ ಕಾಲದಲ್ಲಿ ಬೇರೊಬ್ಬರ ಮೈಯ ನೀರನ್ನು ತಮ್ಮ ಮಗುವಿನ ಮೈಗೆ ಸೇರಿಸಲು ತಾಯಂದಿರು ಎಷ್ಟು ಯೋಚಿಸಿರಬೇಕು!

ಮದ್ರಾಸಿನಲ್ಲಿ ಅಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಎಲ್ಲಿಸ್ ಇದಕ್ಕೆ ಭಾಷೆಯ ಮೂಲಕವೇ ಒಂದು ದಾರಿ ಹುಡುಕಿದರು. ತಮಿಳು, ತೆಲುಗು, ಕನ್ನಡ ಒಂದೇ ಕುಟುಂಬದ ಭಾಷೆಗಳು ಎಂದು 1816ರಲ್ಲಿ ತೋರಿಸಿಕೊಟ್ಟ ಎಲ್ಲಿಸ್ ಇವರೇ. ಶಕ್ತಿದೇವಿಯೂ ಧನ್ವಂತರಿಯೂ ಮಾತಾಡುವ ಹಾಗೆ ಅವರು ತಮಿಳಿನಲ್ಲಿ ಒಂದು ಕಥೆ ಬರೆದರು. ಈ ಮದ್ದು ಗೋಮಾತೆ ಕೊಟ್ಟ ವರ ಎಂದು ಅದರಲ್ಲಿ ದೇವಿಯೇ ಹೇಳುತ್ತಾಳೆ. ಲಂಡನ್ನಿನಲ್ಲಿ ಹೆದರಿಸಿದ ಹಸು ಇಲ್ಲಿ ಧೈರ್ಯ ಹೇಳಲಿ ಎಂಬುದು ಅವರ ಆಸೆ.

ಮೈಸೂರಿನ ರಾಣಿಯರಿಗೂ ಇದಕ್ಕೂ ಸಂಬಂಧ ಇದೆ ಅಂತಾರಲ್ಲ?

1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬಿಡಿಸಿದ ಒಂದು ತೈಲಚಿತ್ರವಿದೆ. ಮೂವರು ಹೆಂಗಸರು, ಮೈತುಂಬ ಒಡವೆ. ಬಲಗಡೆಯವರು ಸೀರೆಯ ಸೆರಗನ್ನು ಸರಿಸಿ ತೋಳಿನತ್ತ ಕೈ ತೋರಿಸುವಂತೆ ನಿಂತಿದ್ದಾರೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಪ್ರಕಾರ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಲಸಿಕೆ ಹಾಕಿಸಿಕೊಂಡ ಜಾಗವನ್ನೇ ಅವರು ತೋರಿಸುತ್ತಿದ್ದಾರೆ, ಜನರ ಅಂಜಿಕೆ ಕಳೆಯಲು ಬರೆಸಿದ ಚಿತ್ರ ಇದು ಎನ್ನುವುದು ಅವರ ವಾದ. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಚರ್ಮ ಬಿಳಿಚಿದೆ. ಅದು ಹಳೆಯ ಪದ್ಧತಿಯಂತೆ ಸಿಡುಬಿನ ಕೀವನ್ನೇ ಹಾಕಿಸಿಕೊಂಡ ಗುರುತು, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನಿಲ್ಲಿಸಿದ್ದಾರೆ ಎಂದೂ ಅವರು ಹೇಳುತ್ತಾರೆ. ನನಗೆ ಈ ವಾದ ಒಪ್ಪಿಗೆಯಾಗಿದೆ. ಆ ಕಾಲದ ರಾಣಿವಾಸದ ಹೆಣ್ಣುಮಗಳು ಸುಮ್ನೆ ಸೆರಗು ಸರಿಸಿ ಚಿತ್ರಕ್ಕೆ ನಿಲ್ಲುತ್ತಿರಲಿಲ್ಲ.

ಕನ್ನಡದ ‘ಲಸಿಕೆ’ ಎಲ್ಲಿಂದ ಬಂತು?

ಸಂಸ್ಕೃತದ ‘ಲಸೀಕಾ’ ಪದದಿಂದ. ಆಯುರ್ವೇದದಲ್ಲಿ ಚರ್ಮದ ಕೆಳಗಿರುವ ತೆಳುವಾದ ನೀರಿನಂಥ ದ್ರವಕ್ಕೆ ಆ ಹೆಸರು. ಅದು ಇಲ್ಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಏಕೆಂದರೆ 19ನೇ ಶತಮಾನದ ಇಂಗ್ಲಿಷ್ ವೈದ್ಯರೂ ಗುಳ್ಳೆಯಿಂದ ತೆಗೆದ ದ್ರವವನ್ನು ‘ಲಿಂಫ್’ ಎನ್ನುತ್ತಿದ್ದರು. ಅದೂ ಲ್ಯಾಟಿನ್, ತಿಳಿನೀರು ಎಂದು ಅರ್ಥ. ಅಂದರೆ ಇಂಗ್ಲಿಷ್ ಪದ ಪ್ರಾಣಿಯನ್ನು ನೆನಪಿಟ್ಟುಕೊಂಡಿತು, ನಮ್ಮ ಪದ ದ್ರವವನ್ನು.

ಹಳಬರ ಬಾಯಲ್ಲಿ ಬೇರೆ ಮಾತುಗಳೂ ಇದ್ದವು. ಮೈಲಿ ಹಾಕಿಸುವುದು, ದಾಕು ಹಾಕಿಸುವುದು, ದೇವಿ ಹಾಕಿಸುವುದು. ಸಿಡುಬನ್ನು ಅಮ್ಮ ಎಂದು ಕೈಮುಗಿಯುತ್ತಿದ್ದ ನಾಡು ನಮ್ಮದು. ಅದಕ್ಕೇ ರೋಗದ ಹೆಸರೇ ತಡೆಮದ್ದಿಗೂ ಬಂತು. ನಮ್ಮಜ್ಜಿಯ ತೋಳಿನಲ್ಲಿ ನಾಲ್ಕಾಣೆ ಅಗಲದ ಗುಂಡನೆಯ ಕಲೆ ಇತ್ತು. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಿಟ್ಟು ಆಡುತ್ತಿದ್ದೆ. ಇಂಥ ಕಲೆ ಇರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ಊರಿನಲ್ಲಿ ಇದಕ್ಕೆ ಏನನ್ನುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಿಡುಬು ಲೋಕದಿಂದಲೇ ಹೋಯಿತು ಎಂದು 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಾರಿತು. ಅದರ ಜೊತೆಗೆ ಈ ಮಾತುಗಳೂ ಮರೆಯಾಗುತ್ತಿವೆ.

ಲಸಿಕೆ, ಚುಚ್ಚುಮದ್ದು – ಯಾವುದು ಸರಿ?

ಎರಡೂ ಬೇಕು, ಆದರೆ ಒಂದೇ ಅಲ್ಲ. ಚುಚ್ಚುಮದ್ದು ಎಂದರೆ ಸೂಜಿಯಿಂದ ಕೊಡುವ ಯಾವುದೇ ಮದ್ದು. ಜ್ವರಕ್ಕೆ ಕೊಟ್ಟ ಇಂಜೆಕ್ಷನ್ ಕೂಡ ಚುಚ್ಚುಮದ್ದೇ. ಪೋಲಿಯೊ ಹನಿ ಲಸಿಕೆ, ಆದರೆ ಅದನ್ನು ಚುಚ್ಚುವುದಿಲ್ಲ. ಅರ್ಥ ಸ್ಪಷ್ಟವಾಗಿರಬೇಕಾದ ಕಡೆ ನಾನು ಲಸಿಕೆ ಎಂದೇ ಬರೆಯುತ್ತೇನೆ.

ಬೆಳಗಾವಿಯ ವ್ಯಾಕ್ಸಿನ್ ಡಿಪೊ ಮೈದಾನಕ್ಕೆ ಆ ಹೆಸರು ಬಂದದ್ದು ಇದರಿಂದಲೇನಾ?

ಹೌದು. ಟಿಳಕವಾಡಿಯ ಆ ದೊಡ್ಡ ಮೈದಾನದ ಜಾಗದಲ್ಲಿ ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಿಸುತ್ತಿದ್ದರು. ತೋಳಿನಿಂದ ತೋಳಿಗೆ ಹಾಕುವ ಪದ್ಧತಿ ಬಿಟ್ಟ ಮೇಲೆ, ಕರುಗಳ ಹೊಟ್ಟೆಯ ಚರ್ಮ ಬೋಳಿಸಿ, ಗೀರಿ, ಅಲ್ಲಿ ಗುಳ್ಳೆ ಬೆಳೆಸಿ ದ್ರವ ತೆಗೆಯುವ ಕ್ರಮ ಎಲ್ಲ ಕಡೆ ಬಂತು. ಈಗ ಅಲ್ಲಿ ಜನ ಮರಗಳ ಕೆಳಗೆ ಬೆಳಗಿನ ವಾಕಿಂಗ್ ಮಾಡುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಆಟೊದವರಿಗೆ ‘ವ್ಯಾಕ್ಸಿನ್ ಡಿಪೊ’ ಎಂದರೆ ಸಾಕು, ನೇರ ಅಲ್ಲಿಗೇ ಬಿಡುತ್ತಾರೆ.